ಸಾರು ಅದೇ ಇರಲಿ, ತುಂಡು ಬದಲಾಗಲಿ: ಬಾಡೂಟದ ಮನೆಯಲ್ಲಿ ಸೊಪ್ಪು-ಕಾಳಿನ ದಿನಗಳು

ವಾರಕ್ಕೆ ನಾಲ್ಕು ದಿನ ಕೋಳಿಯೋ ಮಟನ್ನೋ ಮೀನೋ ಬೇಯುವ ಮನೆಯಲ್ಲಿ ಯಾರಾದರೂ ‘ಒಂದಷ್ಟು ದಿನ ಸಸ್ಯಾಹಾರ ಮಾಡಿ ನೋಡೋಣ’ ಎಂದು ಹೊರಟರೆ ಮೊದಲ ವಾರ ಆಗುವುದು ಬಹುತೇಕ ಒಂದೇ. ತಟ್ಟೆಯಿಂದ ಬಾಡು ಹೋಗುತ್ತದೆ, ಆ ಜಾಗ ಖಾಲಿಯೇ ಉಳಿಯುತ್ತದೆ. ಅನ್ನ, ತಿಳಿಸಾರು, ಆಲೂಗೆಡ್ಡೆ ಪಲ್ಯ, ನಾಲ್ಕು ಹಪ್ಪಳ. ಉಂಡಾಗ ಹೊಟ್ಟೆ ತುಂಬಿದಂತೆ ಕಂಡರೂ ಸಂಜೆ ನಾಲ್ಕಕ್ಕೆ ಕಾಲು ತಾನಾಗಿ ಬೇಕರಿ ಕಡೆ ಹೋಗುತ್ತದೆ. ಹತ್ತು ದಿನ ಕಳೆದ ಮೇಲೆ ‘ನಮಗೆ ಬಾಡಿಲ್ಲದೆ ಮೈಯಲ್ಲಿ ಕಸುವಿರಲ್ಲ’ ಎಂಬ ತೀರ್ಪು. ಆ ಹತ್ತು ದಿನದಲ್ಲಿ ತಿಂದ ಕಾಳಿನ ಲೆಕ್ಕ ಹಾಕಿದರೆ ಕಸುವು ಎಲ್ಲಿ ಹೋಯಿತೆಂದು ಗೊತ್ತಾಗುತ್ತದೆ.

ಬಾಡನ್ನು ಪೂರ್ತಿ ಬಿಡಬೇಕಾಗಿಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಬಿಟ್ಟು, ಆ ದಿನಗಳಲ್ಲಿ ಚೆನ್ನಾಗಿ ಉಣ್ಣಬೇಕು ಎನ್ನುವವರಿಗೆ ಬೇಕಾದ ಅಳತೆ, ವಿಧಾನ ಮತ್ತು ಎಡವುವ ಜಾಗಗಳು ಇಲ್ಲಿವೆ.

ಶುರು ಮಾಡುವ ದಿನ

ನಮ್ಮ ಕಡೆ ಬಾಡು ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ ಒಲೆಯ ಮೇಲೆ ಬಾಡು ಏರುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಬಿಡುವವರೂ ಇದ್ದಾರೆ. ಹೊಸದಾಗಿ ಅಭ್ಯಾಸ ಕಟ್ಟುವ ಬದಲು ಇರುವ ವಾರಕ್ಕೇ ಒಂದು ದಿನ ಸೇರಿಸುವುದು ಸುಲಭ. ಸೋಮವಾರದ ಜೊತೆ ಮಂಗಳವಾರ, ಎರಡು ವಾರದ ಮೇಲೆ ಗುರುವಾರ. ಯುಗಾದಿಯ ಮಾರನೆ ದಿನದ ಹೊಸತೊಡಕು, ಪಿತೃಪಕ್ಷದ ಎಡೆ, ಊರ ಹಬ್ಬ ಹತ್ತಿರವಿದ್ದಾಗ ಶುರು ಮಾಡಬೇಡಿ. ನೆಂಟರೆಲ್ಲ ಎಲೆ ಹಾಕಿಕೊಂಡು ಕೂತಾಗ ಒಬ್ಬರೇ ಮೊಸರನ್ನ ಕಲಸುವುದನ್ನು ಮೂರನೆ ದಿನದ ವ್ರತ ತಡೆಯದು.

ಎಷ್ಟು ಪ್ರೋಟೀನ್, ಎಷ್ಟು ಕಾಳು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 50 ಗ್ರಾಂ. ಅದೇ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಊಟಕ್ಕೆ ಹೇಳಿದ್ದು: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿ, ಶೇಂಗಾದಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಧಾನ್ಯ, ಬೇಳೆಕಾಳು, ಬೀಜಗಳ ಲೆಕ್ಕ ಒಣ ತೂಕದ್ದು.

ಇದರಲ್ಲಿ ಕಣ್ಣಿಗೆ ಬಡಿಯಬೇಕಾದ ಅಂಕಿ 85 ಗ್ರಾಂ ಬೇಳೆಕಾಳು. ಹೋಟೆಲಿನ ಒಂದು ಬಟ್ಟಲು ಸಾಂಬಾರಿನಲ್ಲಿ ತೊಗರಿಬೇಳೆ 10–15 ಗ್ರಾಂ ಇದ್ದರೆ ಹೆಚ್ಚು. ಅಂದರೆ ಮೂರು ಗ್ರಾಂ ಪ್ರೋಟೀನ್. ‘ದಿನಾ ಬೇಳೆ ಸಾರು ಉಣ್ತೀವಲ್ಲ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಉಣ್ಣುವುದು ಹೆಚ್ಚಾಗಿ ಬೇಳೆಯ ನೀರು.

ನೂರು ಗ್ರಾಂ ಒಣ ಹುರುಳಿ ಅಥವಾ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಹೆಸರುಕಾಳಿನಲ್ಲಿ 23, ಶೇಂಗಾದಲ್ಲಿ 24, ಸೋಯಾ ಚಂಕ್ಸ್‌ನಲ್ಲಿ 50ರ ಮೇಲೆ. ರಾಗಿಯಲ್ಲಿ 7, ಅಕ್ಕಿಯಲ್ಲಿ 8ರ ಹತ್ತಿರ. ಒಂದು ಮೊಟ್ಟೆ 6 ಗ್ರಾಂ. ನೂರು ಗ್ರಾಂ ಹಸಿ ಕೋಳಿ ಅಥವಾ ಕುರಿಮಾಂಸ 20ರ ಆಸುಪಾಸು. ಒಂದು ದೊಡ್ಡ ಹಿಡಿ ಒಣಕಾಳು ಸುಮಾರು 35–40 ಗ್ರಾಂ ಬರುತ್ತದೆ. ಅಂಗೈ ಅಳತೆ ಆಳಿಗೊಂದು ಇರುವುದರಿಂದ ಮೊದಲ ವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಆಮೇಲೆ ಕೈ ಅಂದಾಜು ಸಾಕು.

60 ಕಿಲೋ ತೂಕದವರ ಒಂದು ದಿನ ಹೀಗಿರಬಹುದು. ಬೆಳಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, 15 ಗ್ರಾಂ ಶೇಂಗಾದ ಚಟ್ನಿ: 15–16 ಗ್ರಾಂ ಪ್ರೋಟೀನ್. ಮಧ್ಯಾಹ್ನ 80 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ, 40 ಗ್ರಾಂ ಹುರುಳಿಯ ಬಸ್ಸಾರು-ಪಲ್ಯ, ಒಂದು ಬಟ್ಟಲು ಮೊಸರು: 19. ಸಂಜೆ 25 ಗ್ರಾಂ ಶೇಂಗಾ, ಬೇಯಿಸಿದ್ದೋ ಹುರಿದದ್ದೋ: 6. ರಾತ್ರಿ ಎರಡು ಚಪಾತಿ, 25 ಗ್ರಾಂ ಬೇಳೆ ಹಾಕಿದ ಗಟ್ಟಿ ತೊವ್ವೆ, ತರಕಾರಿ ಪಲ್ಯ: 12. ಒಟ್ಟು 52ರ ಮೇಲೆ. ಪನೀರ್ ಇಲ್ಲ, ಪ್ರೋಟೀನ್ ಪುಡಿಯ ಡಬ್ಬ ಇಲ್ಲ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳಿನಲ್ಲಿ ಧಾರಾಳವಾಗಿದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ಮುದ್ದೆಗೆ ಹುರುಳಿ, ಜೋಳದ ರೊಟ್ಟಿಗೆ ಮಡಕಿಕಾಳು ಜೋಡಿಯಾಗಿದ್ದು ಬರೀ ರುಚಿಗಲ್ಲ. ಎರಡೂ ಒಂದೇ ಹೊತ್ತಿಗೆ ಬೀಳಬೇಕೆಂಬ ನಿಯಮವಿಲ್ಲ, ದಿನದಲ್ಲಿ ಬಿದ್ದರೆ ಸಾಕು.

ಒಂದು ಮಸಾಲೆ, ಎರಡು ಪಾತ್ರೆ

ಬಾಡಿನ ಸಾರು ಬಿಟ್ಟವರ ನಾಲಿಗೆ ಹುಡುಕುವುದರಲ್ಲಿ ಅರ್ಧ ಪಾಲು ಮಸಾಲೆಯದ್ದು. ಹಳೇ ಮೈಸೂರು ಕಡೆಯವರಿಗೆ ಇದು ಮೊದಲೇ ಗೊತ್ತು. ಹಿತಕಬೇಳೆ, ಅಂದರೆ ನೆನೆಸಿ ಸಿಪ್ಪೆ ಹಿತುಕಿ ತೆಗೆದ ಅವರೆಕಾಳಿನ ಸಾರಿಗೆ ಬೀಳುವುದು ಮಟನ್ ಸಾರಿನ ಮಸಾಲೆಯೇ. ಹಾಗಾಗಿ ಮನೆಯಲ್ಲಿ ಒಬ್ಬರು ಬಿಟ್ಟು ಉಳಿದವರು ತಿನ್ನುವಂತಿದ್ದರೆ ಎರಡು ಅಡುಗೆ ಮಾಡಬೇಡಿ. ಮಸಾಲೆ ಒಂದೇ ಸಲ ರುಬ್ಬಿ, ಅರ್ಧ ಬಾಡಿಗೆ, ಅರ್ಧ ಕಾಳಿಗೆ.

ನಾಲ್ಕು ಜನರ ಕಾಳು ಸಾರಿಗೆ: ಬ್ಯಾಡಗಿ ಮೆಣಸಿನಕಾಯಿ 6, ಧನಿಯಾ 2 ದೊಡ್ಡ ಚಮಚ, ಚಕ್ಕೆ ಒಂದು ಇಂಚು, ಲವಂಗ 3, ಗಸಗಸೆ 1 ಚಿಕ್ಕ ಚಮಚ, ಶುಂಠಿ ಒಂದು ಇಂಚು, ಬೆಳ್ಳುಳ್ಳಿ 8 ಎಸಳು, ಈರುಳ್ಳಿ 1 ದೊಡ್ಡದು, ಟೊಮೆಟೊ 1, ತೆಂಗಿನತುರಿ ಕಾಲು ಬಟ್ಟಲು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಚಿಟಿಕೆ ಅರಿಶಿನ. ಕಾಳು ಒಣ ತೂಕದಲ್ಲಿ 160 ಗ್ರಾಂ, ಆಳಿಗೆ 40ರಂತೆ.

ಒಣ ಮಸಾಲೆಗಳನ್ನು ಸಣ್ಣ ಉರಿಯಲ್ಲಿ ಹುರಿದು ತೆಗೆದಿಡಿ. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿಯನ್ನು ಅಂಚು ಕಂದುವವರೆಗೆ ಹುರಿಯಿರಿ. ಹತ್ತು ನಿಮಿಷ ಹಿಡಿಯುತ್ತದೆ, ಇಲ್ಲಿ ಅವಸರ ಮಾಡಿದರೆ ಸಾರು ಸಪ್ಪೆ. ಬಾಡು ತಾನೇ ಕೊಡುತ್ತಿದ್ದ ಆ ಗಾಢ ರುಚಿ ಈಗ ಹುರಿದ ಈರುಳ್ಳಿ, ಟೊಮೆಟೊದಿಂದಲೇ ಬರಬೇಕು. ಎಲ್ಲ ನುಣ್ಣಗೆ ರುಬ್ಬಿ, ಪಾತ್ರೆಯಲ್ಲಿ ಇನ್ನೊಂದು ಚಮಚ ಎಣ್ಣೆ ಹಾಕಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವತನಕ ಕೈಯಾಡಿಸಿ. ಬೇಯಿಸಿದ ಕಾಳನ್ನು ಅದರ ಕಟ್ಟಿನ (ಬೆಂದ ನೀರಿನ) ಸಮೇತ ಸುರಿದು, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ.

ಎಡವುವುದು ಎರಡು ಕಡೆ. ಬಾಡಿಗೆ ಹಾಕುವಷ್ಟೇ ಚಕ್ಕೆ-ಲವಂಗ ಕಾಳಿಗೂ ಹಾಕಿದರೆ ಔಷಧಿ ಘಾಟು ಬರುತ್ತದೆ. ಮಾಂಸದ ಕೊಬ್ಬು ಆ ಘಾಟನ್ನು ನುಂಗುತ್ತಿತ್ತು, ಕಾಳಿನಲ್ಲಿ ಕೊಬ್ಬಿಲ್ಲ. ಅದಕ್ಕೇ ಮೇಲಿನ ಅಳತೆಯಲ್ಲಿ ಲವಂಗ ಮೂರೇ. ಎರಡು ಪಾತ್ರೆಗೆ ರುಬ್ಬುವಾಗ ಲವಂಗ ಕಡಿಮೆಯೇ ಇಟ್ಟು, ಬಾಡಿನ ಪಾತ್ರೆಗೆ ಒಗ್ಗರಣೆಯಲ್ಲಿ ಎರಡು ಸೇರಿಸಿ. ಇನ್ನೊಂದು, ಮೂಳೆ ಇಲ್ಲದ್ದರಿಂದ ಸಾರು ನೀರು ನೀರಾಗಿ ಕಾಳಿನಿಂದ ಬೇರೆ ನಿಲ್ಲುತ್ತದೆ. ಬೆಂದ ಕಾಳಿನಲ್ಲಿ ಒಂದು ಸೌಟು ತೆಗೆದು ಮಸೆದು ಹಾಕಿದರೆ ಸರಿಹೋಗುತ್ತದೆ. ತೆಂಗಿನಕಾಯಿ ಹೆಚ್ಚಿಸಿ ಗಟ್ಟಿ ಮಾಡುವ ಚಾಳಿ ಬೇಡ, ಅಲ್ಲಿ ಏರುವುದು ಕೊಬ್ಬು.

ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆ ಸಿಕ್ಕರೆ ಬೇರೆ ಕಾಳು ಹುಡುಕಬೇಡಿ. ರಾತ್ರಿ ನೆನೆಸಿ, ಬೆಳಗ್ಗೆ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ಹಿತುಕಿ. ಬೇಸರದ ಕೆಲಸ, ಮನೆಮಂದಿಯೆಲ್ಲ ಕೂತರೆ ಅರ್ಧ ಗಂಟೆ. ಹಿತಕಬೇಳೆಗೆ ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಬೇಗ ಬೇಯುತ್ತದೆ. ಕುಕ್ಕರಿಗೆ ಹಾಕಿದರೆ ಗಂಜಿ.

ಬಸ್ಸಾರು: ಒಂದೇ ಬೇಯಿಸುವಿಕೆಯಲ್ಲಿ ಸಾರೂ ಪಲ್ಯವೂ

ವಾರದ ನಡುವೆ ಸಮಯವಿಲ್ಲದ ದಿನಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ ಎಂಬುದು ನಮ್ಮ ಪಕ್ಷಪಾತ. 160 ಗ್ರಾಂ ಹುರುಳಿ ಅಥವಾ ಅಲಸಂದೆ ರಾತ್ರಿ ನೆನೆಸಿ, ಬೆಳಗ್ಗೆ ನೀರು ಚೆಲ್ಲಿ, ಕಾಳಿನ ಮೇಲೆ ನಾಲ್ಕು ಬೆರಳು ನೀರಿಟ್ಟು ಕುಕ್ಕರಿನಲ್ಲಿ ಬೇಯಿಸಿ. ಹುರುಳಿಗೆ 5–6 ಸೀಟಿ, ಅಲಸಂದೆಗೆ 2–3. ಮುಚ್ಚಳ ತೆಗೆದು ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ತೆರೆದೇ ಐದು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ಕಟ್ಟು ಸಾರಿಗೆ, ಉಳಿದದ್ದು ಪಲ್ಯಕ್ಕೆ.

ಸಾರಿಗೆ: ಹುರಿದ ಒಣಮೆಣಸಿನಕಾಯಿ 5, ಜೀರಿಗೆ 1 ಚಮಚ, ಕಾಳುಮೆಣಸು 8, ಸುಟ್ಟ ಈರುಳ್ಳಿ ಅರ್ಧ, ಬೆಳ್ಳುಳ್ಳಿ 6 ಎಸಳು, ಎರಡು ಚಮಚ ತೆಂಗಿನತುರಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಹಿಡಿ. ರುಬ್ಬಿ ಕಟ್ಟಿಗೆ ಸೇರಿಸಿ ಒಂದು ಕುದಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಪಲ್ಯಕ್ಕೆ ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಒಂದು ಚಮಚ ಎಣ್ಣೆ. ಪ್ರೋಟೀನ್ ಹೆಚ್ಚಾಗಿ ಪಲ್ಯದಲ್ಲಿ ಉಳಿದಿರುತ್ತದೆ. ಸಾರು ಬಡಿಸಿಕೊಂಡು ಪಲ್ಯವನ್ನು ಉಪ್ಪಿನಕಾಯಿಯಂತೆ ಅಂಚಿಗೆ ಹಾಕಿಕೊಂಡರೆ ಮಾಡಿದ್ದೆಲ್ಲ ದಂಡ.

ಹುಣಸೆ, ಟೊಮೆಟೊವನ್ನು ಕಾಳು ಬೇಯುವ ಮೊದಲೇ ಹಾಕಬೇಡಿ. ಹುಳಿಗೆ ಸಿಪ್ಪೆ ಬಿಗಿಯುತ್ತದೆ, ಹತ್ತು ಸೀಟಿ ಕೂಗಿಸಿದರೂ ಕಾಳು ಗೋಲಿ. ಕೋಲಾರ, ತುಮಕೂರಿನ ಗಡಸು ಬೋರ್‌ವೆಲ್ ನೀರಿನಲ್ಲೂ ಹೀಗೇ ಆಗುತ್ತದೆ, ನೀರಿನ ಸುಣ್ಣದಂಶವೇ ಕಾರಣ. ಶುದ್ಧ ನೀರಿನ ಘಟಕದ ನೀರಿನಲ್ಲಿ ನೆನೆಸಿ ಬೇಯಿಸಿ ನೋಡಿ. ಚಿಟಿಕೆ ಅಡುಗೆ ಸೋಡ ಹಾಕಿದರೂ ಬೇಯುತ್ತದೆ, ಆದರೆ ಅದು ಬಿ1 ಜೀವಸತ್ವವನ್ನು ಕೆಡಿಸುತ್ತದೆ. ರಾಜ್ಮಾ ಮಾತ್ರ ಎಂದೂ ಅರೆಬೆಂದಿರಬಾರದು. ಅದರ ಹಸಿ ಕಾಳಿನಲ್ಲಿರುವ ವಿಷಾಂಶ ಹೋಗಲು ಕನಿಷ್ಠ ಹತ್ತು ನಿಮಿಷದ ಜೋರು ಕುದಿತ ಬೇಕು. ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ.

ಮೊಳಕೆ

ನೂರು ಗ್ರಾಂ ಹೆಸರುಕಾಳನ್ನು ಮೂರು ಸಲ ತೊಳೆದು ಎಂಟು ಗಂಟೆ ನೆನೆಸಿ. ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ತೂತಿನ ಪಾತ್ರೆಯಲ್ಲಿಡಿ. ಬೇಸಿಗೆಯಲ್ಲಿ 12 ಗಂಟೆಗೆ ಮೊಳಕೆ ಕಾಣುತ್ತದೆ, ಮಡಿಕೇರಿಯ ಚಳಿಯಲ್ಲಿ ಒಂದೂವರೆ ದಿನವೂ ಬೇಕಾದೀತು. ಹುರುಳಿಗೆ 12 ಗಂಟೆ ನೆನೆ, ಎರಡು ದಿನ ಮೊಳಕೆ. ಬಟ್ಟೆ ಒಣಗಿದಾಗ ನೀರು ಚಿಮುಕಿಸಿ, ಸುರಿಯಬೇಡಿ. ತಳದಲ್ಲಿ ನೀರು ನಿಂತರೆ ಲೋಳೆ, ಹುಳಿ ವಾಸನೆ. ಅದನ್ನು ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಗಿಡದ ಬುಡಕ್ಕೆ ಹಾಕಿ. ಅರ್ಧಕ್ಕರ್ಧ ಕಾಳು ಮೊಳಕೆಯೊಡೆಯದಿದ್ದರೆ ಕಾಳು ಹಳೆಯದು, ಅಂಗಡಿ ಬದಲಿಸಿ.

ಮೊಳಕೆ ಬರುವ ವಾತಾವರಣವೇ ಬ್ಯಾಕ್ಟೀರಿಯಾಕ್ಕೂ ಇಷ್ಟ. ಆದ್ದರಿಂದ ಹಸಿಯಾಗಿ ತಿನ್ನುವುದಕ್ಕಿಂತ ಐದಾರು ನಿಮಿಷ ಹಬೆಯಲ್ಲಿ ಬೇಯಿಸುವುದು ಮೇಲು. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಬೇಡವೇ ಬೇಡ. ಫ್ರಿಜ್‌ನಲ್ಲಿ ಎರಡು-ಮೂರು ದಿನ ಇರುತ್ತದೆ. ಇನ್ನೊಂದು ಮಾತು: ಮೊಳಕೆಗೆ ಬಂದರೆ ಪ್ರೋಟೀನ್ ಹೆಚ್ಚುವುದಿಲ್ಲ. ಕಾಳು ನೀರು ಕುಡಿದು ಊದಿರುವುದರಿಂದ ಅದೇ ಬಟ್ಟಲಿನಲ್ಲಿ ಪ್ರೋಟೀನ್ ಕಡಿಮೆಯೇ ಇರುತ್ತದೆ. ಸಿ ಜೀವಸತ್ವ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ಲಾಭ ಇಷ್ಟು.

ಜಗಿಯಲು ಬೇಕೆನ್ನುವವರಿಗೆ

ಸೋಯಾ ಚಂಕ್ಸ್ ಆಳಿಗೆ 30 ಗ್ರಾಂ ಸಾಕು, 15 ಗ್ರಾಂ ಪ್ರೋಟೀನ್ ಸಿಗುತ್ತದೆ. ನಾರುವುದು ಸರಿಯಾಗಿ ಹಿಂಡದೆ ಇದ್ದಾಗ. ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ ಹಿಂಡಿ, ಮತ್ತೊಮ್ಮೆ ತಣ್ಣೀರು, ಮತ್ತೊಮ್ಮೆ ಹಿಂಡಿ. ಒಣಗಿದ ಸ್ಪಂಜಿನಂತಾದ ಮೇಲೆ ಮಸಾಲೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಒಳಗೆ ಇಳಿಯುತ್ತದೆ.

ಎಳೆ ಹಲಸು, ಕರಾವಳಿಯವರ ಗುಜ್ಜೆ, ಎಳೆ ಎಳೆಯಾಗಿ ಬಿಡಿಸಿಕೊಂಡು ಬಾಡಿನ ಭ್ರಮೆ ಹುಟ್ಟಿಸುತ್ತದೆ. ಪ್ರೋಟೀನ್ ಮಾತ್ರ ತರಕಾರಿಯಷ್ಟೇ. ದಕ್ಷಿಣ ಕನ್ನಡದಲ್ಲಿ ಗುಜ್ಜೆಗೆ ಕಡ್ಲೆ ಸೇರಿಸುವ ರೂಢಿ ಈ ಕೊರತೆಯನ್ನು ತುಂಬುತ್ತದೆ. ಅಣಬೆಯೂ ಹಾಗೇ, ರುಚಿಗೆ ಬಾಡು, ಲೆಕ್ಕಕ್ಕೆ ತರಕಾರಿ. ಮೀನು ಬಿಟ್ಟ ಕರಾವಳಿಯವರಿಗೆ ಮೀನಿನಲ್ಲಿರುವ ಒಳ್ಳೆಯ ಕೊಬ್ಬಾದ ಒಮೆಗಾ-3 ಒಂದು ನಷ್ಟ. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ದಿನಕ್ಕೊಂದು ದೊಡ್ಡ ಚಮಚ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ, ಪೂರ್ತಿಯಲ್ಲ. ವಾರಕ್ಕೊಮ್ಮೆ ಭೂತಾಯಿ ಮೀನು ಉಳಿಸಿಕೊಳ್ಳುವುದು ಜಾಣತನ.

ಹೊಟ್ಟೆ ಉಬ್ಬರ

ಕಾಳು ಅಭ್ಯಾಸವಿಲ್ಲದ ಹೊಟ್ಟೆಗೆ ಮೊದಲ ದಿನವೇ 100 ಗ್ರಾಂ ಹಾಕಿದರೆ ರಾತ್ರಿಯಿಡೀ ಗುಡುಗು. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಕರಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿ ಹುದುಗುತ್ತವೆ. ಮೊದಲ ವಾರ ದಿನಕ್ಕೆ 30 ಗ್ರಾಂ, ಎರಡನೆ ವಾರ 50, ಆಮೇಲೆ 85ಕ್ಕೆ ಏರಿಸಿ. ಹೆಸರು, ತೊಗರಿಯಿಂದ ಶುರು ಮಾಡಿ, ಕಡ್ಲೆ, ರಾಜ್ಮಾ ಕೊನೆಗೆ. ನೆನೆಸಿದ ನೀರು ಚೆಲ್ಲಿ. ಬೆರಳಲ್ಲಿ ಒತ್ತಿದರೆ ನುಚ್ಚಾಗುವಷ್ಟು ಬೇಯಿಸಿ. ಇಂಗು, ಜೀರಿಗೆ, ಬೆಳ್ಳುಳ್ಳಿ ನಮ್ಮ ಒಗ್ಗರಣೆಯಲ್ಲಿ ಹೇಗೂ ಇವೆ. ನಾರು ಹೆಚ್ಚಾದಾಗ ನೀರೂ ಹೆಚ್ಚು ಕುಡಿಯಬೇಕು, ಇಲ್ಲದಿದ್ದರೆ ಮಲಬದ್ಧತೆ. ಮೂರು ವಾರ ಕಳೆದರೂ ಕಮ್ಮಿಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಕಬ್ಬಿಣ ಮತ್ತು ಬಿ12

ಸೊಪ್ಪು-ಕಾಳಿನ ಕಬ್ಬಿಣ ಬಾಡಿನ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ದಿನಕ್ಕೆ ಗಂಡಸರಿಗೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29 ಬೇಕು. ಹಾಗಾಗಿ ಬಾಡು ಕಡಿಮೆ ಮಾಡುವ ಮನೆಯಲ್ಲಿ ಮೊದಲು ಗಮನಿಸಬೇಕಾದವರು ಹೆಣ್ಣುಮಕ್ಕಳು. ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿಯಂಥ ಸಿ ಜೀವಸತ್ವದ ಪದಾರ್ಥ ಊಟದ ಜೊತೆಗೇ ಇರಲಿ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವುದಕ್ಕೆ ಹಿಂಡಿದರೆ ಆ ಜೀವಸತ್ವ ಹಾಳು. ಊಟವಾದ ತಕ್ಷಣ ಕಾಫಿ-ಟೀ ಕುಡಿದರೆ ಅದರ ಅಂಶಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಒಂದು ಗಂಟೆ ತಡೆಯಿರಿ. ಕಷ್ಟ, ಗೊತ್ತು. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಬೇಕಾದಷ್ಟಿದೆ ಎಂಬ ನಂಬಿಕೆಗೂ ಹೆಚ್ಚು ಬೆಲೆ ಕೊಡಬೇಡಿ, ಅದರಲ್ಲಿರುವುದು ಮೈಗೆ ಸಿಗುವುದು ಅಲ್ಪ.

ಬಿ12 ಸೊಪ್ಪು, ಕಾಳು, ತರಕಾರಿ ಯಾವುದರಲ್ಲೂ ಇಲ್ಲ. ದಿನಕ್ಕೆ ಬೇಕಾದ್ದು 2 ಮೈಕ್ರೊಗ್ರಾಂಗಿಂತ ತುಸು ಹೆಚ್ಚು. 300 ಮಿಲಿ ಹಾಲು-ಮೊಸರು, ಒಂದು ಮೊಟ್ಟೆ ಸೇರಿ ಅದರ ಹತ್ತಿರಕ್ಕೆ ಬರುತ್ತದೆ. ವಾರಕ್ಕೆರಡು ದಿನ ಬಾಡು, ಮೀನು ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಾಲು-ಮೊಟ್ಟೆಯನ್ನೂ ಬಿಡುವವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ಬೇಗ ಕಾಣದು. ಕಾಣುವ ಹೊತ್ತಿಗೆ ಪಾದ ಜೋಮು, ಸುಸ್ತು, ಮರೆವು. ಸ್ಪಿರುಲಿನಾ ತಿಂದರೆ ಬಿ12 ಸಿಗುತ್ತದೆ ಎಂಬುದನ್ನು ನಂಬಬೇಡಿ, ಅದರಲ್ಲಿರುವ ರೂಪ ನಮ್ಮ ಮೈಗೆ ಉಪಯೋಗಕ್ಕೆ ಬರುವುದಿಲ್ಲ.

ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರಲ್ಲಿ ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸಬಾರದು. ಸೊಪ್ಪಿನ ಕೆ ಜೀವಸತ್ವ ಔಷಧಿಯ ಕೆಲಸವನ್ನು ಕುಗ್ಗಿಸುತ್ತದೆ.

ಹೊರಗೆ ತಿನ್ನುವಾಗ

ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಆರೋಗ್ಯದ್ದಲ್ಲ. ಗೋಬಿ ಮಂಚೂರಿ ಪಕ್ಕಾ ಸಸ್ಯಾಹಾರವೇ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಬಣ್ಣ ಹೋದರೂ ಮೈದಾ, ಎಣ್ಣೆ, ಉಪ್ಪು ಉಳಿದೇ ಇವೆ. ದರ್ಶಿನಿಯಲ್ಲಾದರೆ ಇಡ್ಲಿ-ಸಾಂಬಾರ್, ಅಥವಾ ಪೂರಿ ಬಿಟ್ಟು ಚಪಾತಿ-ಕಾಳು ಪಲ್ಯ. ಚೀಲದಲ್ಲಿ ಹುರಿಗಡಲೆ ಅಥವಾ ಶೇಂಗಾ ಒಂದು ಹಿಡಿ ಇದ್ದರೆ ನಾಲ್ಕು ಗಂಟೆಯ ಬೇಕರಿ ಪಫ್ ತಪ್ಪುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಸಣ್ಣ ಚಮಚ. ಬಾಡಿಲ್ಲದ ಊಟ ಸಪ್ಪೆಯೆಂದು ಉಪ್ಪಿನಕಾಯಿ-ಹಪ್ಪಳ-ಸಂಡಿಗೆಗೆ ಕೈ ಹಾಕಿದರೆ ಅದು ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಬಾಡಿನ ದಿನ

ಬಿಟ್ಟ ದಿನಗಳ ಬಾಕಿಯನ್ನೆಲ್ಲ ಭಾನುವಾರ ಒಂದೇ ಸಲ ತೀರಿಸುವುದುಂಟು. ಅದಕ್ಕೆ ಹಳೆಯ ಉಪಾಯವೊಂದಿದೆ. ನಾಲ್ಕು ಜನಕ್ಕೆ ಒಂದು ಕಿಲೋ ಮಟನ್ ತರುವ ಬದಲು ಅರ್ಧ ಕಿಲೋ ತಂದು, 120 ಗ್ರಾಂ ಒಣ ಅವರೆಕಾಳು ಅಥವಾ ಕಡ್ಲೆಕಾಳು ನೆನೆಸಿ ಅದೇ ಸಾರಿಗೆ ಹಾಕಿ. ಒಣ ಅವರೆ, ಕಡ್ಲೆಯನ್ನು ಬೇರೆಯಾಗಿ ನಾಲ್ಕೈದು ಸೀಟಿ ಬೇಯಿಸಿಕೊಂಡು, ಬಾಡು ಮುಕ್ಕಾಲು ಬೆಂದ ಮೇಲೆ ಸೇರಿಸಬೇಕು. ಹಿತಕಬೇಳೆಯಾದರೆ ಬೇರೆ ಬೇಯಿಸುವುದು ಬೇಡ, ಬಾಡು ಬೆಂದ ಮೇಲೆ ಹಾಗೇ ಹಾಕಿ ಮುಚ್ಚಳ ಮುಚ್ಚದೆ ಕುದಿಸಿ. ಕೊಬ್ಬಿನ ರುಚಿಯೆಲ್ಲ ಕಾಳಿಗೆ ಇಳಿದಿರುತ್ತದೆ. ಬಡಿಸುವಾಗ ಸೌಟನ್ನು ತಳಕ್ಕೆ ಬಿಟ್ಟು ಕಾಳು ಮೊದಲು ಹಾಕಿ, ತುಂಡು ಆಮೇಲೆ.